ದೇವರ ಗೂಡಿನ ಮೀಡಿಯಾ ಕನ್ವರ್ಟರ್

ನಮ್ಮ ಮನೆಯ ದೇವರ ಗೂಡಿನಲ್ಲಿ ಗಣಪತಿ, ಲಕ್ಷ್ಮಿ, ಮನೆದೇವರ ಫೋಟೋ ಇವುಗಳ ಸಾಲಿನಲ್ಲೇ ಒಂದು ಕಪ್ಪು ಪೆಟ್ಟಿಗೆ ಇದೆ. ಇಸ್ಪೀಟಿನ ಕಟ್ಟಿನಷ್ಟು ದೊಡ್ಡದು. ಮೈಮೇಲೆ ಸಾಸಿವೆ ಕಾಳಿನಂಥ ಹಸಿರು ದೀಪಗಳು ಮಿಣುಕುತ್ತಿರುತ್ತವೆ. ಈಚೆಗೆ ನಮ್ಮಲ್ಲಿಗೆ ಬಂದಿದ್ದ ನನ್ನ ಕಾಲೇಜಿನ ಗೆಳತಿ ದೇವರಿಗೆಲ್ಲ ಕೈಮುಗಿದು, ಅದಕ್ಕೂ ಮುಗಿದು, ಆಮೇಲೆ ಮೆಲ್ಲಗೆ, "ಇದು ಯಾವ ದೇವರೇ?" ಎಂದು ಕೇಳಿದಳು.

"ಮೀಡಿಯಾ ಕನ್ವರ್ಟರ್" ಎಂದೆ.

ಅವಳು ಕೈ ಇಳಿಸಲಿಲ್ಲ. ಸಕಲೇಶಪುರದ ಕಡೆ ತಾನು ಹೆಸರು ಕೇಳಿರದ ದೇವರುಗಳು ಎಷ್ಟೋ ಇರಬಹುದು, ಯಾವುದಕ್ಕೂ ಇರಲಿ ಎಂದುಕೊಂಡು ಇನ್ನೊಂದು ಸಲ ಮುಗಿದಳು.

ಅವಳನ್ನು ಕೂರಿಸಿಕೊಂಡು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನನ್ನ ಗಂಟಲಿನ ವಿಷಯ ಹೇಳಬೇಕು. ನನ್ನ ತವರು ಆಲೂರು. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆಲ್ಲ ಒಂದೇ ಫೋನು, ಅದು ನಮ್ಮ ಮನೆಯಲ್ಲಿ. ಯಾರಿಗೋ ಕರೆ ಬಂದರೆ ಅಪ್ಪ ರಿಸೀವರನ್ನು ಮೇಜಿನ ಮೇಲೆ ಕೂಸಿನಂತೆ ಮಗ್ಗುಲಾಗಿ ಮಲಗಿಸಿ, "ಹೋಗಿ ಕರ್ಕೊಂಡು ಬಾ" ಎನ್ನುತ್ತಿದ್ದರು. ಹೋಗುವುದು ಯಾಕೆ? ನಾನು ಜಗುಲಿಯಲ್ಲೇ ನಿಂತು ಕೂಗುತ್ತಿದ್ದೆ. "ಸಾವಿತ್ರಮ್ಮಾ, ಫೋನೂ!" ಎಂದರೆ ಸಾವಿತ್ರಮ್ಮನ ಜೊತೆಗೆ ಇನ್ನಿಬ್ಬರು ಬೇರೆ ಬೀದಿಯ ಸಾವಿತ್ರಮ್ಮಂದಿರೂ ಬಂದು ನಿಲ್ಲುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಡುತ್ತಿದ್ದ ಕಂಡಕ್ಟರು "ಯಾರ್ಗೋ ಫೋನ್ ಬಂದೈತೆ ನೋಡ್ರಪ್ಪ" ಎನ್ನುತ್ತಿದ್ದನಂತೆ. ಅದಕ್ಕೇ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅಮ್ಮ, "ದಮ್ಮಯ್ಯ, ಮೆತ್ತಗೆ ಮಾತಾಡು" ಎಂದು ಬೇಡಿಕೊಂಡಿದ್ದಳು. ನಾನು ಎಷ್ಟು ಮೆತ್ತಗೆ ಮಾತಾಡಿದೆನೆಂದರೆ, ಅತ್ತೆಯಾಗಲಿದ್ದವರು ಅಮ್ಮನನ್ನು ಪಕ್ಕಕ್ಕೆ ಕರೆದು, "ಹುಡ್ಗೀಗೆ ಗಂಟ್ಲು ಸರಿ ಐತಾ?" ಎಂದು ವಿಚಾರಿಸಿದರು. ಮದುವೆಯಾದ ಮರುದಿನವೇ ಅವರ ಚಿಂತೆ ದೂರವಾಯಿತು.

ಗಂಡನ ಮನೆ ಯಸಳೂರಿನಿಂದ ಸ್ವಲ್ಪ ಒಳಗೆ. ಇಲ್ಲಿ ಎರಡು ದಿಣ್ಣೆ, ನಡುವೆ ಭತ್ತದ ಗದ್ದೆ. ಆ ದಿಣ್ಣೆಯ ಮೇಲೆ, ರಸ್ತೆಗೆ ಹತ್ತಿರವಾಗಿ ಭಾವನ ಮನೆ. ಈ ದಿಣ್ಣೆಯ ಮೇಲೆ, ಕಾಫಿ ತೋಟದ ಅಂಚಿಗೆ ನಮ್ಮದು. ಅತ್ತೆ ನಮ್ಮ ಜೊತೆ ಇದ್ದಾರೆ. ಅಲ್ಲಿ ಭಾವ ಮತ್ತು ಅವರ ಹೆಂಡತಿ ಜಯಕ್ಕ. ಎರಡು ಅಂಗಳದಲ್ಲಿ ನಿಂತರೆ ಮುಖ ಸಣ್ಣದಾಗಿ ಕಾಣುತ್ತದೆ, ಗಂಟಲಿದ್ದವರಿಗೆ ಮಾತು ಪೂರ್ತಿ ಕೇಳುತ್ತದೆ.

ಆದರೆ ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಆಸ್ತಿಗಲ್ಲ, ಬೇಲಿಗಲ್ಲ, ಒಂದು ಫೋಟೋಕ್ಕೆ. ನೆಂಟರ ಮದುವೆಯೊಂದರಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಮ್ಮವರು ಫೋಟೋ ತೆಗೆದರು. ಚೆನ್ನಾಗಿಯೇ ಬಂತು. ಕಟ್ಟು ಹಾಕಿಸಿ ಮನೆ ಮನೆಗೂ ಹಂಚಿದರು. ಅದರಲ್ಲಿ ಭಾವನದು ಒಂದು ಕಿವಿ ಮತ್ತು ಅರ್ಧ ಭುಜ ಮಾತ್ರ ಇತ್ತು.

"ಅಡಿಗೆ ಭಟ್ರ ಸೌಟು ಸೈತ ಪೂರ್ತಿ ಬಂದೈತೆ. ಮನೆ ಹಿರೀಮಗ ನಾನು, ನಂದು ಬರೀ ಕಿವಿ" ಎಂದರು ಭಾವ.

"ಎಡಕ್ಕೆ ಸರಿ ಅಂದ್ರೆ ಬಲಕ್ಕೆ ಸರಿದೋರಿಗೆ ಕಿವಿ ಬಂದಿದ್ದೇ ಹೆಚ್ಚು" ಎಂದರು ನಮ್ಮವರು.

ಅಲ್ಲಿಗೆ ಮುಗಿಯಿತು. ಆಮೇಲೆ ಹಬ್ಬಕ್ಕೆ ಬಂದರೂ ಇಬ್ಬರೂ ಒಂದೇ ಕಂಬದ ಎರಡು ಕಡೆ ಕೂತು ಉಂಡು ಏಳುತ್ತಿದ್ದರು. ನಾನೂ ಜಯಕ್ಕನೂ ಮಾತ್ರ ಯಾವ ಜಗಳಕ್ಕೂ ಬಿಡುವಿಲ್ಲದವರಂತೆ ಮಾತಾಡಿಕೊಂಡೇ ಇದ್ದೆವು.

ಇದರ ಮಧ್ಯೆ ಗೌರಿ ಬಂದಳು. ಬಂದಳು ಅನ್ನುವುದಕ್ಕಿಂತ ಹೋದಳು ಎನ್ನಬೇಕು. ಗೌರಿ ಅತ್ತೆಯ ಹಸು. ಕರುವಾಗಿದ್ದಾಗಿನಿಂದ ಸಾಕಿದ್ದರು. ಮಂಡಿ ನೋವು ಹೆಚ್ಚಾಗಿ ಕೊಟ್ಟಿಗೆಯ ಮೆಟ್ಟಿಲು ಇಳಿಯುವುದೇ ಕಷ್ಟವಾದಾಗ, ಆಲೂರಿನ ಆಚೆ ಹಳ್ಳಿಗೆ ಕೊಟ್ಟಿದ್ದ ಮಗಳು ಕಮಲಳ ಮನೆಗೆ ಅದನ್ನು ಕಳಿಸಿಕೊಟ್ಟರು. ಹಸು ಪಿಕಪ್ ಗಾಡಿ ಹತ್ತಿ ಹೋದದ್ದೇ ತಡ, ಅತ್ತೆ ಊಟ ಕಡಿಮೆ ಮಾಡಿದರು. ಹೊತ್ತು ಮುಳುಗುವ ಮುಂಚೆ, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಅಂಗಳಕ್ಕೆ ಬಂದು ಆಲೂರಿನ ದಿಕ್ಕಿಗೆ ನೋಡುತ್ತಾ ಕೂರುತ್ತಿದ್ದರು. ಕಮಲ ಫೋನಿನಲ್ಲಿ ಹಸು ತೋರಿಸುತ್ತೇನೆ ಎಂದಳು. ಆದರೆ ನಮ್ಮ ದಿಣ್ಣೆಯಲ್ಲಿ ಟವರ್ ಸಿಗುವುದು ತೋಟದ ಮೇಲಿನ ಬಂಡೆ ಹತ್ತಿದರೆ ಮಾತ್ರ. ಮಂಡಿ ನೋವಿನವರು ಬಂಡೆ ಹತ್ತುವುದು ಹೇಗೆ?

ಭಾವನ ಮನೆಗೆ ರಸ್ತೆಯ ಕಡೆಯಿಂದ ಇಂಟರ್ನೆಟ್ ಬಂದಿತ್ತು. ಅಲ್ಲಿಂದ ಗದ್ದೆ ದಾಟಿಸಿದರೆ ನಮಗೂ ಬರುತ್ತದೆ. ಕೇಳುವವರು ಯಾರು? ಅತ್ತೆಯೇ ಹೇಳಿ ಕಳಿಸಿದರು. ಉತ್ತರ ಜಯಕ್ಕನ ಬಾಯಲ್ಲಿ ಬಂತು. "ಅವ್ವನ ಹಸೂಗೆ ಅಂದ್ರೆ ಲೈನ್ ಕೊಡ್ತಾರಂತೆ. ಬೇರೆ ಯಾರ್ಗೂ ಅಲ್ವಂತೆ." ಹೀಗೆ ನಮ್ಮ ಮನೆಯ ಇಂಟರ್ನೆಟ್ಟು ಇವತ್ತಿಗೂ ಲೆಕ್ಕಕ್ಕೆ ಹಸುವಿನದು. ನಮ್ಮವರು ಕ್ರಿಕೆಟ್ ನೋಡುವುದು ಹಸುವಿನ ಹೆಸರಿನಲ್ಲಿ. ನಾನು ಉಪ್ಪಿನಕಾಯಿ ಮಾಡುವ ವಿಡಿಯೋ ನೋಡುವುದೂ ಅದರ ಹೆಸರಿನಲ್ಲೇ.

ಲೈನು ಎಳೆಯಲು ಬಂದವನು ಕೇಬಲ್ ಲೋಕೇಶ. ಯಾವ ಕೆಲಸಕ್ಕೂ ಆಗಲ್ಲ ಎನ್ನದ ಮನುಷ್ಯ, ಹಾಗಾಗಿ ಅವನ ಅರ್ಧ ಕೆಲಸ ಆಗುತ್ತಿರಲಿಲ್ಲ. ಮೊದಲು ಅವನು ಮಾಮೂಲಿ ತಾಮ್ರದ ಕೇಬಲನ್ನೇ ಗದ್ದೆಯ ಬದುವಿನ ಸಿಲ್ವರ್ ಮರದಿಂದ ಮರಕ್ಕೆ ಕಟ್ಟುತ್ತಾ ಬಂದ. ತಾಮ್ರದ ಕೇಬಲಿನಲ್ಲಿ ಇಂಟರ್ನೆಟ್ಟು ನೂರು ಮೀಟರಿಗೆ ಸುಸ್ತಾಗುತ್ತದಂತೆ. ಅದಕ್ಕೆ ನಡುವೆ ಒಂದು ಮರಕ್ಕೆ ಪೆಟ್ಟಿಗೆಯೊಂದನ್ನು ಕಟ್ಟಿ, ಮಳೆ ಬೀಳದಿರಲೆಂದು ನಮ್ಮ ಸ್ನಾನದ ಬಕೆಟ್ಟನ್ನು ಅದರ ಮೇಲೆ ಬೋರಲು ಹಾಕಿದ. ಮುಂಗಾರಿಗೆ ಮುಂಚಿನ ಮೊದಲ ಗುಡುಗಿಗೇ ಸಿಡಿಲು ಆ ತಂತಿ ಹಿಡಿದು ಎರಡು ಕಡೆಗೂ ಹೋಯಿತು. ಬಕೆಟ್ ಉಳಿಯಿತು. ಭಾವನ ಟಿವಿ, ನಮ್ಮ ಮಿಕ್ಸಿ ಉಳಿಯಲಿಲ್ಲ. ಭಾವ ಅಂಗಳಕ್ಕೆ ಬಂದು ಆಕಾಶಕ್ಕೆ ಹೇಳುವವರಂತೆ, "ಕೆಲವರ ಸಹವಾಸ ಮಾಡಿದ್ರೆ ಹಿಂಗೇ ಆಗದು" ಎಂದರು. ನಮ್ಮವರು ತೆಂಗಿನಮರಕ್ಕೆ ಹೇಳುವವರಂತೆ, "ಸಿಡ್ಲು ಹೊರಟಿದ್ದು ಯಾವ ಕಡೆಯಿಂದ ಅಂತ ಊರಿಗೇ ಗೊತ್ತು" ಎಂದರು.

ಆಗ ಲೋಕೇಶ ಫೈಬರ್ ತಂದ. ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಮೇಲೆ ಕಪ್ಪು ಹೊದಿಕೆ. ಅದರೊಳಗೆ ಓಡುವುದು ಬೆಳಕು, ಸಿಡಿಲಿಗೆ ಅದು ಬೇಡ. ಆದರೆ ಎರಡೂ ಮನೆಯ ರೂಟರುಗಳಿಗೆ ಗೊತ್ತಿರುವುದು ತಾಮ್ರದ ಕೇಬಲ್ ಮಾತ್ರ. ಅದಕ್ಕೇ ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕು.

"ಈ ಪೆಟ್ಗೆ ಒಂದ್ ಕಡೆಯಿಂದ ತಾಮ್ರ ತಗಂಡು ಇನ್ನೊಂದ್ ಕಡೆ ಬೆಳಕು ಬಿಡ್ತದೆ ಅಜ್ಜಿ" ಎಂದ.

ಅತ್ತೆ ತಲೆಯಾಡಿಸಿದರು. "ಗೌರಿ ಹುಲ್ಲು ತಗಂಡು ಹಾಲು ಬಿಡ್ತಾಳಲ್ಲ, ಹಂಗೆ."

ಲೋಕೇಶ ಒಂದು ಗಳಿಗೆ ಯೋಚಿಸಿ, "ಹಂಗೇ ಅನ್ಕಳಿ" ಎಂದ.

ನಮ್ಮ ಕಡೆಯ ಪೆಟ್ಟಿಗೆಗೆ ಜಾಗ ಎಲ್ಲಿ? ಕರೆಂಟು ಹೋದರೂ ಇನ್‌ವರ್ಟರಿನಿಂದ ನಡೆಯುವ ಪ್ಲಗ್ಗು ಇದ್ದದ್ದು ದೇವರ ಗೂಡಿನಲ್ಲಿ ಮಾತ್ರ. ಹೀಗಾಗಿ ಗಣಪತಿ ಸ್ವಲ್ಪ ಪಕ್ಕಕ್ಕೆ ಸರಿದ. ಆದರೆ ದೀಪ ಹತ್ತಲಿಲ್ಲ. ಆ ಇಡೀ ಮಧ್ಯಾಹ್ನ ನಾನು ಈ ಅಂಗಳ, ಜಯಕ್ಕ ಆ ಅಂಗಳ. ಒಳಗಿಂದ ಗಂಡಸರು ಹೇಳಿದ್ದನ್ನು ನಾವು ಗದ್ದೆಯ ಮೇಲಿಂದ ದಾಟಿಸುವುದು.

"ಜಯಕ್ಕಾ, ಬಂತಾ?"

"ಇಲ್ಲ ಕಣೇ! ನಿಮ್ಮಲ್ಲಿ?"

"ಇಲ್ಲಾ!"

ಕೊನೆಗೆ ಲೋಕೇಶ ಎರಡು ಪೆಟ್ಟಿಗೆಯನ್ನೂ ತಿರುಗಿಸಿ ತಳದ ಚೀಟಿ ಓದಿ ತಲೆ ಮೇಲೆ ಕೈಯಿಟ್ಟುಕೊಂಡ. ಈ ಪೆಟ್ಟಿಗೆಗಳು ಎ ಮತ್ತು ಬಿ ಎಂದು ಜೋಡಿಯಾಗಿ ಬರುತ್ತವೆ. ಒಂದು ಯಾವ ಬಣ್ಣದ ಬೆಳಕಿನಲ್ಲಿ ಹೇಳುತ್ತದೋ ಅದನ್ನು ಇನ್ನೊಂದು ಕೇಳಿಸಿಕೊಳ್ಳುತ್ತದೆ. ಇವನು ತಂದದ್ದು ಎರಡೂ ಎ. "ಎರಡೂ ಹೇಳ್ತಾನೇ ಅವೆ ಅಕ್ಕ, ಕೇಳೋರೇ ಇಲ್ಲ" ಎಂದ. ನಾನು ಅದನ್ನು ಹಾಗೆಯೇ ಕೂಗಿ ದಾಟಿಸಿದೆ. "ನಮ್ಮನೆಗೆ ಸರಿಯಾಗೈತೆ ಬಿಡು!" ಎಂದು ಜಯಕ್ಕನ ನಗು ಗದ್ದೆ ದಾಟಿ ಬಂತು.

ಮರುವಾರ ಸರಿಯಾದ ಜೋಡಿ ಬಂತು, ಹಸಿರು ಹತ್ತಿತು. ಕಮಲ ಕೊಟ್ಟಿಗೆಯಿಂದ ವಿಡಿಯೋ ಕರೆ ಮಾಡಿದಳು. ಅತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ಗೌರೀ, ನೀರು ಕುಡಿದ್ಯೇನೇ?" ಎಂದರು. ಆ ಕಡೆ ಗೌರಿ ಕಿವಿ ನಿಮಿರಿಸಿ, ಫೋನನ್ನು ಮೂಸಿ, ನೆಕ್ಕಿತು. ಪರದೆ ತುಂಬ ನಾಲಿಗೆಯೇ ಆಯಿತು. ಅತ್ತೆ ಈ ಕಡೆ ಸೆರಗಿನಿಂದ ಫೋನು ಒರೆಸಿದರು. ಅವತ್ತು ರಾತ್ರಿ ಎರಡು ಮುದ್ದೆ ಉಂಡರು.

ಎಲ್ಲ ಸರಿಯಿತ್ತು, ಶುಕ್ರವಾರ ಒಂದನ್ನು ಬಿಟ್ಟು. ಶುಕ್ರವಾರ ಬಂತೆಂದರೆ ಲಿಂಕ್ ಸತ್ತುಹೋಗುತ್ತಿತ್ತು. ಶನಿವಾರ ಲೋಕೇಶ ಬಂದು, ಫೈಬರಿನ ತುದಿ ಎಳೆದು, ಅದರ ಕಡೆ ನೋಡದೆಯೇ ಅಂಗಿಯ ಚುಂಗಿಗೆ ಒರೆಸಿ, ಮತ್ತೆ ತುರುಕಿದರೆ ಹಸಿರು. "ಧೂಳು ಅಕ್ಕ" ಎಂದು ಕಾಫಿ ಕುಡಿದು ಹೋಗುತ್ತಿದ್ದ. ಶುಕ್ರವಾರ ಮಾತ್ರ ಬರುವ ಧೂಳು ಯಾವುದು? ನಮ್ಮವರದು ಬೇರೆ ಸಿದ್ಧಾಂತ. "ಶುಕ್ರವಾರ ಮನೆಯಿಂದ ಲಕ್ಷ್ಮಿ ಹೊರಗೆ ಹೋಗ್ಬಾರ್ದು ಅಂತ ಹಾಲು ಮಜ್ಜಿಗೇನೂ ಕೊಡಲ್ವಲ್ಲ ಆ ಮನುಷ್ಯ, ಹಂಗೇ ಇಂಟರ್ನೆಟ್ಟೂ ಕೊಡ್ತಿಲ್ಲ. ಸ್ವಿಚ್ ತೆಗೀತಾನೆ." ಭಾವನ ಸಿದ್ಧಾಂತವನ್ನು ಜಯಕ್ಕ ತಂದರು. ಶುಕ್ರವಾರ ನಮ್ಮವರು ಬೇಕೆಂದೇ ತಮ್ಮ ಕಡೆ ಕಿತ್ತು, ತಪ್ಪನ್ನು ಅಣ್ಣನ ತಲೆಗೆ ಕಟ್ಟುತ್ತಿದ್ದಾರಂತೆ.

ಹೀಗಿರುವಾಗ ಕೊಯ್ಲಿನ ಹೊತ್ತು ಬಂತು. ಗದ್ದೆಯಲ್ಲಿ ಭತ್ತ ಹೊಂಬಣ್ಣಕ್ಕೆ ತಿರುಗಿತ್ತು, ಬುಡದ ಕೆಸರು ಇನ್ನೂ ಆರಿರಲಿಲ್ಲ. ಗೌರಿ ತುಂಬು ಗಬ್ಬ. ಅವತ್ತು ಶುಕ್ರವಾರ, ಜಯಕ್ಕ ಸಂಘದ ಸಭೆಗೆಂದು ಯಸಳೂರಿಗೆ ಹೋಗಿದ್ದರು. ಲೋಕೇಶ ಬಿಸಿಲೆ ಕಡೆ ಯಾರದೋ ಲೈನು ಎಳೆಯಲು ಹೋಗಿದ್ದ. ಮಧ್ಯಾಹ್ನದ ಊಟವಾಗಿ ಸ್ವಲ್ಪ ಹೊತ್ತಿಗೆ ಆ ದಿಣ್ಣೆಯಿಂದ ಭಾವನ ಧ್ವನಿ ಕೇಳಿತು.

"ಅವ್ವಾ! ಗೌರಿಗೆ ನೋವು ಶುರುವಾಗೈತಂತೆ! ಕಮಲಿ ಫೋನ್ ಮಾಡಿದ್ಲು!"

ಅತ್ತೆ ಮಂಡಿ ನೋವು ಮರೆತು ಅಂಗಳಕ್ಕೆ ಓಡಿದರು. ನಾನು ದೇವರ ಗೂಡಿಗೆ ಓಡಿದೆ. ದೀಪ ಆರಿತ್ತು. ನಮ್ಮವರು ಅಂಗಳಕ್ಕೆ ಬಂದರು. ಈಗ ತೊಡಕು ನೋಡಿ. ಜಯಕ್ಕ ಇಲ್ಲ. ಭಾವ ತಮ್ಮನ ಹೆಂಡತಿಯಾದ ನನ್ನೊಡನೆ ಕೂಗಾಡಿ ಮಾತಾಡುವವರಲ್ಲ, ತಮ್ಮನೊಡನೆ ಮಾತೇ ಇಲ್ಲ. ಉಳಿದವರು ಅತ್ತೆ ಒಬ್ಬರೇ. ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ, ಆದರೆ ತಮಗೆ ಹಿತವಾದದ್ದೇ ಹೆಚ್ಚು ಕೇಳುತ್ತದೆ.

"ಅವ್ವಾ, ಅಲ್ಲಿ ಇರೋರಿಗೆ ಪ್ಲಗ್ ತೆಗೆದು ಹಾಕಕ್ಕೆ ಹೇಳು!"

ಅತ್ತೆ ನಮ್ಮವರ ಕಡೆ ತಿರುಗಿದರು. "ನಿಮ್ಮಣ್ಣ ಊಟ ಆಯ್ತಾ ಅಂತ ಕೇಳ್ತಾವ್ನೆ ಕಣೋ."

ನಮ್ಮವರಿಗೆ ಗೊಂದಲವಾಯಿತು. "ಹಂಗಂದ್ನಾ? ಊಟ ಎಲ್ಲಾ ಇರ್ಲಿ, ಶುಕ್ರವಾರ ಸ್ವಿಚ್ ತೆಗೆಯೋ ಬುದ್ಧಿ ಬಿಡಕ್ಕೆ ಹೇಳವ್ವ."

ಅತ್ತೆ ಆ ದಿಣ್ಣೆಗೆ ತಿರುಗಿ ಕೂಗಿದರು. "ಊಟ ಆಯ್ತಂತೆ! ನಿಂದಾಯ್ತಾ ಅಂತ ಕೇಳ್ತಾವ್ನೆ!"

ದೂರದಲ್ಲಿ ಭಾವ ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಇಷ್ಟು ವರ್ಷದ ಮೇಲೆ ಊಟದ ವಿಚಾರ ಯಾಕೆ ಬಂತೆಂದು ಅವರಿಗೂ ತಿಳಿಯಲಿಲ್ಲ. ಕೊನೆಗೆ, "ಆಯ್ತು ಅಂತ ಹೇಳು" ಎಂದು ಸ್ವಲ್ಪ ಸಣ್ಣ ಧ್ವನಿಯಲ್ಲಿ ಅಂದರು.

ಭಾವ ಕೂಗಿದ್ದು ನನಗೆ ಕೇಳಿತ್ತು, ನಾನೇ ಒಳಗೆ ಹೋಗಿ ಪ್ಲಗ್ ತೆಗೆದು ಹಾಕಿದೆ, ಏನೂ ಆಗಲಿಲ್ಲ. ನಡುವೆ ಲೈನೇ ಎಲ್ಲೋ ಮಡಚಿರಬೇಕೆಂದು ನಮ್ಮವರು ಗದ್ದೆಗಿಳಿದರು. ಬದುವಿನ ಮೇಲೆ ನಡೆಯುತ್ತಾ, ತಲೆಯೆತ್ತಿ ಮರದಿಂದ ಮರಕ್ಕೆ ಕೇಬಲ್ ನೋಡುತ್ತಾ ಹೋದರು. ಅರ್ಧ ಗದ್ದೆ ದಾಟಿದ್ದರು. ಆಗ ಭಾವ ಟವೆಲನ್ನು ತಲೆಯ ಮೇಲೆ ಬೀಸತೊಡಗಿದರು.

"ಅವ್ವಾ! ಬಂತು! ಬಂತು ಅಂತ ಹೇಳು ಅವ್ನಿಗೆ!"

"ಚಂದ್ರಾ, ಬಂತಂತೆ ಕಣೋ!" ಎಂದರು ಅತ್ತೆ. ನಾನು ಸಂತೋಷದಿಂದ ಒಳಗೆ ಓಡಿ ಪೆಟ್ಟಿಗೆ ನೋಡಿದೆ. ಬಂದಿರಲಿಲ್ಲ. ಮತ್ತೆ ಹೊರಗೆ ಓಡಿದೆ.

ಗದ್ದೆಯ ನಡುವಿನಿಂದ ನಮ್ಮವರು, "ಹಸಿರೋ ಹಳದಿಯೋ ಕೇಳವ್ವ!" ಎಂದರು.

"ಹಸಿರೋ ಹಳದಿಯೋ ಮಗಾ?"

"ಕಪ್ಪು! ಕಪ್ಪು ಅಂತ ಹೇಳವ್ವಾ!"

"ಕಪ್ಪಂತೆ!"

ನಮ್ಮವರು ಸೊಂಟಕ್ಕೆ ಕೈಯಿಟ್ಟು ನಿಂತರು. "ಕಪ್ಪು ಲೈಟು ಯಾವ ಲೋಕದಲ್ಲಿ ಐತಂತೆ? ತಲೆ ನೆಟ್ಟಗಿದ್ಯಾ ಅಂತ ಕೇಳು!"

ಆಗ ಆ ದಿಣ್ಣೆಯಿಂದ ಬಂದ ಧ್ವನಿ ಅತ್ತೆಗಲ್ಲ. ನಾನು ಆಲೂರಿನಲ್ಲಿ ಕೂಗಿದ್ದೆಲ್ಲ ಅದರ ಮುಂದೆ ಪಿಸುಮಾತು.

"ಲೋ ಚಂದ್ರಾ! ಹಿಂದೆ ನೋಡೋ! ಒಂಟಿ ಸಲಗ ಕಣೋ!"

ನಮ್ಮ ತೋಟದ ಅಂಚಿನಿಂದ ಅದು ಆಗಲೇ ಗದ್ದೆಗೆ ಇಳಿದಿತ್ತು. ಅಷ್ಟು ದೊಡ್ಡ ಪ್ರಾಣಿ ಒಂದು ಕಡ್ಡಿ ಮುರಿದ ಸದ್ದಿಲ್ಲದೆ ಹೇಗೆ ಬರುತ್ತದೋ! ನಮಗೂ ನಮ್ಮವರಿಗೂ ನಡುವೆ ನಿಂತು ಕಿವಿ ಬೀಸುತ್ತಿತ್ತು. ಈ ಸೀಮೆಯಲ್ಲಿ ಇರುವವರಿಗೆ ಆನೆ ತಮಾಷೆಯಲ್ಲ. ಬೆಳಿಗ್ಗೆ ತೋಟಕ್ಕೆ ಹೋದವರು ಮರಳಿ ಬಾರದ ಮನೆಗಳು ನಮ್ಮ ಸುತ್ತಲೇ ಇವೆ. ನನ್ನ ಗಂಟಲಿನಿಂದ, ಬಾಳಿನಲ್ಲಿ ಅದೊಂದೇ ಸಲ, ಧ್ವನಿಯೇ ಹೊರಡಲಿಲ್ಲ.

ನಮ್ಮವರು ತಿರುಗಿ ನೋಡಿದರು. ಓಡಿದರು. ಹಿಂದಕ್ಕೆ ಬರುವಂತಿಲ್ಲ, ಇದ್ದದ್ದು ಅಣ್ಣನ ದಿಣ್ಣೆ ಒಂದೇ. ಭತ್ತದ ಮಧ್ಯೆ ಬಿದ್ದರು, ಎದ್ದರು, ಒಂದು ಚಪ್ಪಲಿ ಕೆಸರಿಗೆ ಹೋಯಿತು. ಭಾವ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಆ ಭಾರೀ ಮನುಷ್ಯ, ಆನೆ ಇದ್ದ ದಿಕ್ಕಿಗೇ ದಿಣ್ಣೆ ಇಳಿದು ಓಡಿ ಬಂದರು. ಟವೆಲಿನ ಒಂದು ತುದಿ ಕೆಳಗೆ ಬಿಟ್ಟು, ಅದನ್ನು ಹಿಡಿದ ನಮ್ಮವರ ರಟ್ಟೆಗೆ ಕೈಹಾಕಿ, ಎತ್ತರದ ಬದುವಿನ ಮೇಲಕ್ಕೆ ಎಳೆದುಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಮನೆ ಸೇರಿದ್ದನ್ನೂ ಬಾಗಿಲು ಹಾಕಿದ್ದನ್ನೂ ಕಂಡೆ.

ಸಲಗ ಈ ಗಡಿಬಿಡಿಯನ್ನೆಲ್ಲ ಒಂದು ಸಲ ನೋಡಿ, ನಮ್ಮ ಭತ್ತಕ್ಕೆ ಸೊಂಡಿಲು ಹಾಕಿತು.

ನಾನು ಅತ್ತೆಯನ್ನು ಒಳಗೆ ಎಳೆದುಕೊಂಡು ಅಗುಳಿ ಹಾಕಿದೆ. ಅತ್ತೆ ನೇರವಾಗಿ ದೇವರ ಗೂಡಿಗೆ ಹೋಗಿ, ಗಣಪತಿಗೆ ಕುಂಕುಮ ಇಟ್ಟರು, ಲಕ್ಷ್ಮಿಗೆ ಇಟ್ಟರು. ಆಮೇಲೆ ಆ ಕಪ್ಪು ಪೆಟ್ಟಿಗೆಯನ್ನು ಎತ್ತಿ, ಫೈಬರಿನ ತುದಿಯನ್ನು ಪಟಕ್ಕನೆ ಎಳೆದು, ಪೆಟ್ಟಿಗೆಯ ಬಾಯಿಗೆ ಬೆರಳು ತುಂಬ ಕುಂಕುಮ ಒತ್ತಿ, "ಮಕ್ಕಳನ್ನ ಕಾಪಾಡಪ್ಪ" ಎಂದು ತುದಿಯನ್ನು ಮತ್ತೆ ಒಳಗೆ ತುರುಕಿದರು. ಲೋಕೇಶ ಮಾಡುವುದನ್ನು ಎಷ್ಟು ಚೆನ್ನಾಗಿ ಕಲಿತಿದ್ದರು!

"ಅತ್ತೆ," ಎಂದೆ, "ಇದನ್ನ ಯಾವಾಗ್ಲೂ ಮಾಡ್ತೀರಾ?"

"ಶುಕ್ರವಾರ ಶುಕ್ರವಾರ. ಗೂಡು ಒರೆಸಿ ಎಲ್ಲಾರ್ಗೂ ಇಟ್ಟಂಗೆ ಇದಕ್ಕೂ ಇಡ್ತೀನಿ. ಗೌರಿ ಬರೋ ಬಾಗ್ಲು ಅಲ್ವಾ? ಯಾಕೆ, ಮಂಗಳವಾರಾನೂ ಇಡ್ಬೇಕಿತ್ತಾ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಕೂದಲೆಳೆಯ ಗಾಜಿನಲ್ಲಿ ಗದ್ದೆ ದಾಟಿ ಬಂದ ಬೆಳಕು ನಮ್ಮ ಮನೆ ಬಾಗಿಲಲ್ಲಿ ಕುಂಕುಮದ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿತ್ತು. ಪ್ಲಗ್ ತೆಗೆದು ತುದಿ ಎಳೆದೆ. ಕೆಂಪಗೆ ಮದುವಣಗಿತ್ತಿಯ ಹಾಗಿತ್ತು. ಕನ್ನಡಕ ಒರೆಸುವ ಬಟ್ಟೆಗೆ, ಕೊರೊನಾ ಕಾಲದಿಂದ ಉಳಿದಿದ್ದ ಕೈಗೆ ಹಚ್ಚುವ ಸ್ಯಾನಿಟೈಸರನ್ನು ಎರಡು ಹನಿ ಹಾಕಿ ತುದಿಯನ್ನು ಒರೆಸಿದೆ. ಪೆಟ್ಟಿಗೆಯ ಬಾಯನ್ನು ಕಿವಿಗೆ ಹಾಕುವ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ತಿರುವಿದೆ. ತುರುಕಿ, ಪ್ಲಗ್ ಹಾಕಿದೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಹಸಿರು.

ಹಸಿರು ಬಂದ ಉಸಿರಿಗೇ ಫೋನು ಬಡಿದುಕೊಂಡಿತು. ಮೊದಲು ಬಂದದ್ದು ಆನೆ ಎಚ್ಚರಿಕೆಯ ವಾಟ್ಸಾಪ್ ಗುಂಪಿನ ಸಂದೇಶ, ನಿಮ್ಮ ಕಡೆ ಸಲಗ ಬರುತ್ತಿದೆ, ಯಾರೂ ಹೊರಗೆ ಬರಬೇಡಿ ಎಂದು. ಹಿಂದೆಯೇ ವಿಡಿಯೋ ಕರೆ. ಪರದೆಯ ಮೇಲಿನ ಅರ್ಧದಲ್ಲಿ ಕಮಲಳ ಕೊಟ್ಟಿಗೆ. ಹುಲ್ಲಿನ ಮೇಲೆ ಒದ್ದೆ ಕರು, ಗೌರಿ ಅದನ್ನು ನೆಕ್ಕುತ್ತಿದ್ದಳು. ಕೆಳಗಿನ ಅರ್ಧದಲ್ಲಿ ಭಾವನ ಅಡಿಗೆಮನೆ. ಮುಖದ ತುಂಬ ಕೆಸರಾಗಿದ್ದ ನಮ್ಮವರು ಮಣೆಯ ಮೇಲೆ ಕೂತು ಅಕ್ಕಿರೊಟ್ಟಿ ಮುರಿಯುತ್ತಿದ್ದರು. ಪಕ್ಕದಲ್ಲಿ ಭಾವ, ಇನ್ನೂ ಏದುಸಿರು ಬಿಡುತ್ತಾ, ತಟ್ಟೆಗೆ ಚಟ್ನಿ ಹಾಕುತ್ತಿದ್ದರು. ಇಬ್ಬರಿಗೂ ಆಗಲೇ ಜಗಳ ಹತ್ತಿತ್ತು.

"ಕಪ್ಪು ಕಪ್ಪು ಅಂದ್ರೆ ಯಾರ್ಗೆ ಗೊತ್ತಾಗ್ತದೆ ಅಣ್ಣಯ್ಯ? ಆನೆ ಅನ್ನಕ್ಕೆ ಏನಾಗಿತ್ತು?"

"ನಿನ್ನತ್ರ ಮಾತು ಬಿಟ್ಟಿದ್ನಲ್ಲೋ! ಅವ್ವನಿಗೆ ಆನೆ ಅಂದ್ರೆ ಹೆದರ್ಕಂಬುಡ್ತಾಳೆ ಅಂತ ಕಪ್ಪು ಅಂದೆ. ತಿನ್ನು ಸುಮ್ನೆ."

"ಇನ್ನೊಂದು ರೊಟ್ಟಿ ಹಾಕೋ ಅವ್ನಿಗೆ" ಎಂದರು ಅತ್ತೆ ಫೋನಿಗೆ. ಭಾವ ಹಾಕಿದರು.

ಅಷ್ಟರಲ್ಲಿ ಹೊರಗೆ ಜೀಪಿನ ಸದ್ದು. ಆನೆ ಓಡಿಸುವವರು ನಮ್ಮ ಹಿತ್ತಲ ಕಡೆಯ ದಾರಿಯಿಂದ ಬಂದಿದ್ದರು. ಒಬ್ಬ ಕಿಟಕಿಯ ಹತ್ತಿರ ಬಂದು, "ಅಜ್ಜೀ, ಒಳಗೇ ಇರಿ. ಭತ್ತ ಎಲ್ಲಾ ತಿಂದುಬುಡ್ತದೆ, ಈಗ್ಲೇ ಪಟಾಕಿ ಹೊಡೆದು ಓಡಿಸ್ತೀವಿ" ಎಂದ.

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸಲಗ ಗದ್ದೆ ಬಿಡುವತನಕ ನಮ್ಮವರು ಅಲ್ಲಿಂದ ಏಳುವಂತಿರಲಿಲ್ಲ. ಅಲ್ಲಿ ಈಗ ಕರುವಿಗೆ ಹೆಸರೇನು ಎಂದು ಅಣ್ಣ ತಮ್ಮಂದಿರ ಧ್ವನಿ ಏರುತ್ತಿತ್ತು. ಭಾವನ ಕೈ ಮಾತ್ರ ತಮ್ಮನ ತಟ್ಟೆಗೆ ತುಪ್ಪ ಹಾಕುತ್ತಲೇ ಇತ್ತು.

"ಅವಸ್ರ ಏನೈತೆ ಸ್ವಾಮಿ?" ಎಂದರು ಅತ್ತೆ. "ಪಾಪ, ಎಷ್ಟ್ ದೂರದಿಂದ ಬಂದೈತೋ. ಹೊಟ್ಟೆ ತುಂಬ ತಿನ್ಲಿ ಬುಡಿ."